‘ಅಷ್ಟೇನೂ ಚೊಲೋ ಇಲ್ಲೆ’ ಎಂಬ ಜಾಹೀರಾತು

ತನ್ನ ಪುಸ್ತಕವನ್ನು ಕೈಗೆತ್ತಿಕೊಂಡ ಗಿರಾಕಿಗೆ, ಅಷ್ಟೇನೂ ಚೆನ್ನಾಗಿಲ್ಲ ಬಿಡಿ ಎಂದು ಹೇಳಿ ಕಳಿಸುವ ಲೇಖಕಿಯನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಕಳೆದ ತಿಂಗಳು, ಶಿರಸಿಯ ಪುಸ್ತಕ ಪ್ರದರ್ಶನದಲ್ಲಿ. ಬೇರೆ ಯಾರೂ ಅಲ್ಲ, ನನ್ನ ಸ್ವಂತ ಚಿಕ್ಕಮ್ಮ.

ಚಿಕ್ಕಮ್ಮನ ಊರು ಯಲ್ಲಾಪುರದ ಹತ್ತಿರದ ನಂದೊಳ್ಳಿ. ಅರವತ್ತು ದಾಟಿದ ಮೇಲೆ ಅವಳು ಒಂದು ಕಾದಂಬರಿ ಬರೆದಳು. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು, ಸಂಜೆಯ ಚಹಾಕ್ಕೆ ನೀರಿಡುವ ಮೊದಲು ಸಿಗುವ ಎರಡು ತಾಸಿನಲ್ಲಿ, ಹಳೆಯ ಡೈರಿಗಳಲ್ಲಿ, ನಾಲ್ಕು ವರ್ಷ ಬರೆದಳು. ಮನೆಯವರೆಲ್ಲ ಅವಳು ರಾಮನಾಮ ಬರೆಯುತ್ತಿದ್ದಾಳೆ ಎಂದೇ ತಿಳಿದಿದ್ದರು. (ಚಿಕ್ಕಪ್ಪ ಅದೇ ನಂಬಿಕೆಯಲ್ಲಿ ಪ್ರತಿ ವರ್ಷ ಹೊಸ ಪೆನ್ನು ತಂದುಕೊಡುತ್ತಿದ್ದರು.)

ಪುಸ್ತಕ ಬಂತು. ಯಲ್ಲಾಪುರದಲ್ಲಿ ಬಿಡುಗಡೆಯೂ ಆಯಿತು. ನೆಂಟರೆಲ್ಲ ಬಂದರು, ಊಟ ಮಾಡಿದರು, ಒಂದೊಂದು ಪ್ರತಿ ಹಿಡಿದುಕೊಂಡು ಹೋದರು. ಆಮೇಲೆ ಫೋನಿನಲ್ಲಿ ಎಲ್ಲರದೂ ಒಂದೇ ಮಾತು: ಚೊಲೋ ಇದೆ. ಸಿದ್ದಾಪುರದ ನಮ್ಮ ಭಾವನ ಮನೆಗೆ ಹೋದಾಗ ನೋಡುತ್ತೇನೆ, ಆ ‘ಚೊಲೋ’ ಪುಸ್ತಕ ಶೋಕೇಸಿನಲ್ಲಿ ಕೂತಿದೆ, ಮೇಲಿನ ಪ್ಲಾಸ್ಟಿಕ್ ಕವರು ಬಿಚ್ಚಿಲ್ಲ. ಯಾಕೆ ಎಂದು ಕೇಳಿದರೆ, ಬಿಚ್ಚಿದರೆ ಧೂಳು ಕೂರುತ್ತದಂತೆ.

ಇದನ್ನು ಚಿಕ್ಕಮ್ಮನಿಗೆ ಹೇಳಬಾರದಿತ್ತು. ಬಾಯಿ ತಡೆಯದೆ ಹೇಳಿಬಿಟ್ಟೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಇಷ್ಟೇ ಹೇಳಿದಳು:

“ನಮ್ಮೋರು ಓದಿದ್ವೋ ಇಲ್ಯೋ ಗೊತ್ತೇ ಆಗ್ತಿಲ್ಲೆ. ಗುರ್ತು ಪರಿಚಯ ಇಲ್ದೇ ಇದ್ದವು ಒಬ್ರಾದ್ರೂ ಓದವು, ಕೂಸೆ. ಒಬ್ರು ಸಾಕು.”

ನೋಡಿ, ಎಂಥ ಆಸೆ! ಪ್ರಶಸ್ತಿ ಬೇಡ, ಮರುಮುದ್ರಣ ಬೇಡ. ಪರಿಚಯವಿಲ್ಲದ ಒಬ್ಬ ಓದುಗರು ಬೇಕು. ಅವತ್ತೇ ನಾನು ಅವಳ ಮಾರ್ಕೆಟಿಂಗ್ ಮ್ಯಾನೇಜರ್ ಆದೆ. ಯಾರೂ ನೇಮಿಸಿದ್ದಲ್ಲ.

ಪ್ರಕಾಶಕರಿಗೆ ಫೋನ್ ಮಾಡಿದರೆ ಅವರು ಅರ್ಧ ಗಂಟೆ ಕ್ಲಾಸ್ ತೆಗೆದುಕೊಂಡರು. ಈಗ ಬರೆಯುವುದು ಅರ್ಧ ಕೆಲಸವಂತೆ. ಉಳಿದರ್ಧ ಲೇಖಕರೇ ಮುಂದೆ ನಿಂತು ಮಾಡಬೇಕಂತೆ. ರೀಲ್ಸ್ ಬೇಕು, ಲೈವ್ ಬೇಕು, ಮುಖ್ಯವಾಗಿ ಕಾನ್ಫಿಡೆನ್ಸ್ ಬೇಕು. ನನಗೇನು ಇದು ಹೊಸದೇ? ಈ ಅಂಕಣ ಪ್ರಕಟವಾದ ದಿನ ಬೆಳಿಗ್ಗೆ ಏಳಕ್ಕೆಲ್ಲ ಅದನ್ನು ಸ್ಟೇಟಸ್ಸಿಗೆ ಹಾಕಿ, ಹತ್ತು ಗ್ರೂಪಿಗೆ ತಳ್ಳುವವಳು ನಾನು. (ನಿಮ್ಮಲ್ಲಿ ಕೆಲವರು ನನ್ನನ್ನು ಮ್ಯೂಟ್ ಮಾಡಿದ್ದೀರಿ. ಗೊತ್ತು.)

ಸರಿ, ನಂದೊಳ್ಳಿಗೆ ಹೋಗಿ ಒಂದು ರೀಲ್ ಮಾಡಿದೆ. ಚಿಕ್ಕಮ್ಮ ಒಳ್ಳೆಯ ಸೀರೆ ಉಟ್ಟು, ಪುಸ್ತಕ ಹಿಡಿದು, ಕ್ಯಾಮೆರಾ ನೋಡಿ ಹೇಳಿದಳು: ಪುರುಸೊತ್ತು ಇದ್ದವರು ಓದಿ, ಇಲ್ಲದಿದ್ದವರು ತೊಂದರೆ ತಗೊಳ್ಳಬೇಡಿ. ಒಂಬತ್ತು ಟೇಕ್ ಆಯಿತು. ಒಂಬತ್ತರಲ್ಲೂ ಇದೇ. ಕೊನೆಗೆ ಅದನ್ನೇ ಹಾಕಿದೆ. ಕಾಮೆಂಟು ಬಂತು, ಬರಲಿಲ್ಲ ಎನ್ನುವ ಹಾಗಿಲ್ಲ. ಸೀರೆ ಎಲ್ಲಿ ತಗೊಂಡದ್ದು ಎಂದು ನಾಲ್ಕು ಜನ ಕೇಳಿದ್ದರು.

ಇದು ಅವಳೊಬ್ಬಳ ರೋಗವಲ್ಲ. ನಮ್ಮ ಕಡೆ ಊಟಕ್ಕೆ ಬಂದವರ ಎದುರು ಎಂಟು ಬಗೆ ಬಡಿಸಿಟ್ಟು, ‘ಎಂತದೂ ಮಾಡಿದ್ದಿಲ್ಲೆ, ಬರೀ ಅನ್ನ ಸಾರು’ ಎನ್ನಬೇಕು. ಪಾಯಸ ಬಡಿಸುವಾಗ, ಇವತ್ತು ಯಾಕೋ ಹದ ತಪ್ಪಿದೆ ಎನ್ನಬೇಕು. ಆಗ ಉಣ್ಣುವವರು, ಛೆ ಛೆ, ಬಹಳ ಚೊಲೋ ಆಗಿದೆ ಎಂದು ಇನ್ನೊಂದು ಸೌಟು ಹಾಕಿಸಿಕೊಳ್ಳಬೇಕು. ಎರಡು ಕಡೆಯವರಿಗೂ ತಂತಮ್ಮ ಪಾಲಿನ ಮಾತು ಬಾಯಿಪಾಠ. ಸಮಸ್ಯೆ ಬರುವುದು ಈ ನಾಟಕ ಗೊತ್ತಿಲ್ಲದವರು ಎದುರಿಗೆ ಬಂದಾಗ.

ಶಿರಸಿಯ ಪ್ರದರ್ಶನದಲ್ಲಿ ಆದದ್ದೂ ಅದೇ. ಒಂದು ಟೇಬಲ್ ಹಿಡಿದು ಪುಸ್ತಕ ಜೋಡಿಸಿದೆ. ಹಿಂದೆ ಚಿಕ್ಕಮ್ಮನನ್ನು ಕುರ್ಚಿ ಹಾಕಿ ಕೂರಿಸಿದೆ. ಮೊದಲು ಬಂದವರು ಮೈಸೂರು ಕಡೆಯಿಂದ ಇಲ್ಲಿನ ಬ್ಯಾಂಕಿಗೆ ವರ್ಗವಾಗಿ ಬಂದವರು. ಅಪ್ಪಟ ಅಪರಿಚಿತರು! ಪುಸ್ತಕ ತೆಗೆದು ಹಿಂಬದಿ ಓದಿದರು. ಮೊದಲ ಪುಟ ಓದಿದರು. ಹೇಗಿದೆಯಮ್ಮ ಕತೆ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ, ಅಷ್ಟೇನೂ ಚೊಲೋ ಇಲ್ಲ, ಸುಮ್ಮನೆ ಹೊತ್ತು ಹೋಗಲಿಕ್ಕೆ ಬರೆದದ್ದು ಎಂದಳು.

ಅವರು ಪಾಪ, ಸಭ್ಯರು. ಹೌದಾ ಎಂದರು. ಪುಸ್ತಕವನ್ನು ಇದ್ದ ಜಾಗದಲ್ಲೇ ನೀಟಾಗಿ ಇಟ್ಟರು. ಪಕ್ಕದ ಟೇಬಲ್ಲಿಗೆ ಹೋಗಿ, ಮೂವತ್ತು ದಿನದಲ್ಲಿ ಯಶಸ್ವಿಯಾಗುವುದು ಹೇಗೆ ಎಂದು ಹೇಳಿಕೊಡುವ ದಪ್ಪ ಪುಸ್ತಕವನ್ನು ಕೊಂಡುಕೊಂಡರು.

ನನಗೆ ಸಿಟ್ಟು ನೆತ್ತಿಗೇರಿತು. ಹುಡುಕಿದ್ದು ಒಬ್ಬ ಅಪರಿಚಿತರನ್ನು, ಸಿಕ್ಕವರನ್ನು ಕೈಯಾರೆ ಓಡಿಸಿದರೆ ಹೇಗೆ? ನಾಲ್ಕು ವರ್ಷ ಮಧ್ಯಾಹ್ನದ ನಿದ್ದೆ ಬಿಟ್ಟು ಬರೆದದ್ದನ್ನು ಚೆನ್ನಾಗಿದೆ ಎನ್ನಲು ಏನು ಧಾಡಿ ಎಂದು ಅಲ್ಲೇ ರೇಗಿದೆ. ಚಿಕ್ಕಮ್ಮನ ಮುಖ ಸಣ್ಣದಾಯಿತು. ಅವಳಿಗೂ ತಪ್ಪಿದ್ದೇನೆಂದು ಗೊತ್ತಾಗಿತ್ತು. ಆದರೂ ಮೆಲ್ಲಗೆ ಕೇಳಿದಳು:

“ಆನೇ ಚೊಲೋ ಇದ್ದು ಹೇಳಿದ್ರೆ, ಓದಿದವು ಎಂತ ಹೇಳವು ಮತ್ತೆ?”

ಬರೆದವರೇ ಹೊಗಳಿಕೊಂಡರೆ ಓದಿದವರಿಗೆ ಹೇಳಲು ಏನು ಉಳಿಯಿತು ಎಂಬಂಥ ಪ್ರಶ್ನೆ ಸ್ಟೇಟಸ್ಸಿಗೆ ಹಾಕುವವರಿಗೆ ಹೊಳೆಯುವುದೇ ಇಲ್ಲ. ರೇಗಬಾರದಿತ್ತು ಎನಿಸಿ ಚಹಾ ತಂದುಕೊಟ್ಟೆ.

ಮಧ್ಯಾಹ್ನ ಬನವಾಸಿ ಕಡೆಯ ಒಬ್ಬರು ಬಂದರು. ಕೈಚೀಲದ ತುಂಬ ತರಕಾರಿ, ಬಸ್ಸಿಗೆ ಇನ್ನೂ ಹೊತ್ತಿತ್ತು ಎಂದು ಒಳಗೆ ಬಂದವರು. ಈ ಸಲ ನಾನೇ ಮುಂದೆ ನುಗ್ಗಿದೆ. ಅದ್ಭುತ ಕಾದಂಬರಿ, ಹಿಡಿದರೆ ಕೆಳಗಿಡಲಾರಿರಿ, ಹೆಣ್ಣಿನ ಸ್ವಾಭಿಮಾನದ ಕತೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ನನ್ನನ್ನು, ಬಸ್‌ಸ್ಟ್ಯಾಂಡಿನಲ್ಲಿ ಮುಲಾಮು ಮಾರುವವರನ್ನು ನೋಡುವ ಹಾಗೆ ನೋಡಿದರು. ಹಿಂದೆ ಚಿಕ್ಕಮ್ಮ ನಾಚಿಕೆಯಿಂದ ಕುಗ್ಗಿಹೋಗಿದ್ದಳು. ತಡೆಯಲಾಗಲಿಲ್ಲ ಅವಳಿಗೆ. ಎದ್ದು ಬಂದಳು.

“ಇವಳು ಹೇಳಿದಷ್ಟೆಲ್ಲ ಇಲ್ಲ. ಕಡೇಲಿ ಆ ಶೈಲಂಗೆ ನಾನು ಅನ್ಯಾಯ ಮಾಡ್ಬಿಟ್ಟೆ. ಬರೆದ ಮೇಲೆ ಎರಡು ದಿನ ನಂಗೆ ಊಟ ಸೇರಲಿಲ್ಲ.”

ಮುಗಿಯಿತು, ಇವರೂ ಹೋದರು ಎಂದುಕೊಂಡೆ. ಆದರೆ ಆ ಹೆಂಗಸು ಚೀಲವನ್ನು ಕೆಳಗಿಟ್ಟರು.

“ಅಂಥಾದ್ದೇನ್ ಮಾಡೀರಿ ಅಕಿಗೆ?”

ಚಿಕ್ಕಮ್ಮ ಹೇಳಲು ಶುರು ಮಾಡಿದಳು. ಶೈಲಾ ಯಾರು, ಅವಳ ಅತ್ತೆಮನೆ ಎಂಥದು, ಮನೆ ಬಿಟ್ಟು ಬಂದು ಯಲ್ಲಾಪುರದಲ್ಲಿ ಹೊಲಿಗೆ ಅಂಗಡಿ ಇಟ್ಟದ್ದು, ಎಲ್ಲವನ್ನೂ ನೆರೆಮನೆಯ ಹುಡುಗಿಯ ಸುದ್ದಿ ಹೇಳುವ ಹಾಗೆ ಹೇಳುತ್ತಾ ಹೋದಳು. ಕಡೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ನಾನು ಅವಳ ಕೈ ಹಿಡಿದು ತಡೆಯಬೇಕಾಯಿತು. ಅವರು ಪುಸ್ತಕ ಕೊಂಡು, ಬದನೆಕಾಯಿಯ ಮೇಲೆ ಇಟ್ಟುಕೊಂಡು ಬಸ್ಸಿಗೆ ಓಡಿದರು.

ಅವತ್ತು ಹೋದದ್ದು ಅದೊಂದೇ ಪ್ರತಿ. ಕೊಂಡದ್ದೇನೋ ಹೌದು, ಓದುತ್ತಾರೆ ಎಂದು ಏನು ಗ್ಯಾರಂಟಿ? ಅವರ ಮನೆಯಲ್ಲೂ ಶೋಕೇಸ್ ಇರುವುದಿಲ್ಲವೇ? ಚಿಕ್ಕಮ್ಮ ಬಾಯಿಬಿಟ್ಟು ಹೇಳದಿದ್ದರೂ ಆ ದಿನಗಳಲ್ಲಿ ಫೋನನ್ನು ಅಡುಗೆಮನೆಗೂ ಒಯ್ಯುತ್ತಿದ್ದಳಂತೆ. ಪುಸ್ತಕದ ಕೊನೆಯ ಪುಟದಲ್ಲಿ ಅವಳ ನಂಬರು ಅಚ್ಚಾಗಿತ್ತಲ್ಲ.

ಮೊನ್ನೆ ಭಾನುವಾರ ನಾನು ನಂದೊಳ್ಳಿಯಲ್ಲಿದ್ದೆ. ಫೋನ್ ಬಂತು. ಚಿಕ್ಕಮ್ಮನ ಕೈಯಲ್ಲಿ ದೋಸೆ ಹಿಟ್ಟು, ಹಾಗಾಗಿ ನಾನೇ ಸ್ಪೀಕರ್ ಹಾಕಿದೆ. ನಮಸ್ಕಾರವಿಲ್ಲ, ಕ್ಷೇಮ ಸಮಾಚಾರವಿಲ್ಲ.

“ಅಕ್ಕಾರ, ಶಿರಸಿಯೊಳಗ ನಿಮ್ಮ ಪುಸ್ತಕ ತಗೊಂಡಿದ್ನಲ್ರಿ, ಅಕಿ ನಾನು. ಆ ಶೈಲಾನ ಹೊಲಿಗಿ ಮಷಿನ್ ಯಾಕ ಮಾರಿಸಿದ್ರಿ? ವಾಪಸ್ ಆ ಮನಿಗೆ ಕಳಿಸೂದ್ ಏನಿತ್ತು?”

ಚಿಕ್ಕಮ್ಮ ಹಿಟ್ಟಿನ ಕೈಯಲ್ಲೇ ಫೋನ್ ಕಸಿದುಕೊಂಡಳು. ಆಮೇಲೆ ಜಗಳವೋ ಜಗಳ. ಅವಳ ಮಗು ಅಲ್ಲಿತ್ತಲ್ಲ, ಮತ್ತೇನು ಮಾಡಬೇಕಿತ್ತು ನೀವೇ ಹೇಳಿ ಎಂದು ಇವಳು. ಮಗುವನ್ನು ಅಂಗಡಿಗೇ ಕರಕೊಂಡು ಬರಬಹುದಿತ್ತು ಎಂದು ಅವರು. ನಾನು ದೋಸೆ ಹೊಯ್ದು, ತಿಂದು, ಕಾವಲಿ ತೊಳೆದಿಟ್ಟರೂ ಇತ್ಯರ್ಥವಾಗಲಿಲ್ಲ. ಇಬ್ಬರೂ ಒಪ್ಪದೆಯೇ ಫೋನ್ ಇಟ್ಟರು.

ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ಖುಷಿಯಾಗಿ ಅವಳನ್ನು ನಾನು ಬಿಡುಗಡೆಯ ದಿನವೂ ನೋಡಿರಲಿಲ್ಲ. ನನ್ನ ಕಣ್ಣೂ ತುಂಬಿತು, ಸುಳ್ಳೇಕೆ ಹೇಳಲಿ.

“ಕೂಸೆ, ಅವು ಪೂರಾ ಓದಿದ್ದ” ಎಂದಳು.

‘ಸೂಪರ್’ ಎಂದವರು ನನಗೂ ಬೇಕಾದಷ್ಟು ಜನರಿದ್ದಾರೆ. ಜಗಳಕ್ಕೆ ಬರುವಷ್ಟು ಓದಿದವರು ಒಬ್ಬರಾದರೂ ಇದ್ದಾರೆಯೇ?