ಗಡಿಯಾಚೆಗೊಂದು ಬಟ್ಟಲು ಗಂಜಿ

ಆಂಟಿಯ ಬಲಗೈ ತೋರುಬೆರಳು ತುದಿಯಲ್ಲಿ ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ಬಾವಿಯ ರಾಟೆಗೆ ಸಿಕ್ಕಿದ್ದನ್ನು ಅವರ ಅಕ್ಕ ಹಗ್ಗ ಹಿಡಿದು ನಿಲ್ಲಿಸಿ ಬಿಡಿಸಿದ್ದಂತೆ. ಆ ಬೆರಳನ್ನು ಫೋನಿನ ಮೇಲಿಟ್ಟು, ಅಕ್ಕಿಯಲ್ಲಿ ಕಲ್ಲು ಹುಡುಕುವವರಂತೆ ಒಂದೊಂದೇ ಸಾಲು ಓದುತ್ತಿದ್ದರು.

ನಾವಿರುವ ಪರದೇಶದ ಊರು ಆಲ್ಡಿಯಲ್ಲಿ ನಮ್ಮ ಪಕ್ಕದ ಮನೆ ಅವರದು. ಮಂಗಳೂರು ಕಡೆಯ ಕ್ಯಾಥೊಲಿಕ್ಕರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಕೋವಿಡ್ ಬಂದ ವರ್ಷ ನಾನೂ ನಮ್ಮ ಯಜಮಾನರೂ ಜ್ವರದಲ್ಲಿ ಮಲಗಿದ್ದಾಗ, ಬೆಳಿಗ್ಗೆ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಕುಚ್ಚಲಕ್ಕಿ ಗಂಜಿಯ ಪಾತ್ರೆ ಇರುತ್ತಿತ್ತು. ರಾಯರ ದಯೆ ಯಾರ ಕೈಯಲ್ಲಿ ಬರುತ್ತದೆಂದು ಕೇಳಬಾರದು. ನಮಗೆ ಜಪಸರ ಸುತ್ತಿಕೊಂಡ ಕೈಯಲ್ಲಿ ಬಂತು.

ಮರುವರ್ಷದ ಡಿಸೆಂಬರಿನಲ್ಲಿ ಆಂಟಿಯ ಆ ಅಕ್ಕ ಹಾಸಿಗೆ ಹಿಡಿದರು. ಅವರು ಇಟಲಿಯೊಳಗೆ, ಗಡಿಗೆ ಹತ್ತಿರದ ಒಂದು ಕಾನ್ವೆಂಟಿನಲ್ಲಿ ಸನ್ಯಾಸಿನಿ. ಆಂಟಿಗೆ ಟಿಕೆಟ್ ಸಿಕ್ಕಿದ್ದು ಸ್ವಿಟ್ಜರ್ಲೆಂಡಿಗೆ. ಅಲ್ಲಿಂದ ಮುಂದೆ ರೈಲು. ಒಳಗೆ ಬಿಡಲು ಎರಡು ದೇಶಕ್ಕೂ ಬೇರೆ ಬೇರೆ ನಿಯಮ, ಅದೂ ಆಗಾಗ ಬದಲು. ನಮ್ಮ ಅಡುಗೆಮನೆಯ ಮೇಜಿನ ಮುಂದೆ ಇಬ್ಬರೂ ಕೂತು ಓದಿದೆವು.

"ಪಕ್ಕಪಕ್ಕದ ದೇಶ. ನಮ್ಮಲ್ಲಿ ಉಡುಪಿಯಿಂದ ಕಾರ್ಕಳಕ್ಕೆ ಹೋದ ಹಾಗೆ. ಇದಕ್ಕೆ ಎಷ್ಟು ವೇಷ ಮಾರಾಯ್ತಿ," ಎಂದರು.

"ಆಂಟಿ, ಇಟಲಿಗೆ ವ್ಯಾಕ್ಸಿನ್ ಕಾರ್ಡ್ ಒಂದೇ ಸಾಲಲ್ಲ, ಟೆಸ್ಟ್ ರಿಸಲ್ಟೂ ಬೇಕು. ಅದು ಎರಡೇ ದಿನ ವ್ಯಾಲಿಡ್. ಫ್ಲೈಟ್ ಇಳಿದ ತಕ್ಷಣ ಟ್ರೈನ್ ಹತ್ಬಿಡಿ, ಎಲ್ಲೂ ನಿಲ್ಬೇಡಿ."

"ನಾನೆಂತಕ್ಕೆ ನಿಲ್ಲುದು?"

ನಿಂತರು. ಜ್ಯೂರಿಕ್‌ನಲ್ಲಿದ್ದ ಅವರ ಊರಿನ ಹೆಂಗಸೊಬ್ಬಳು ವಿಮಾನ ನಿಲ್ದಾಣಕ್ಕೇ ಬಂದು, ಉಂಡು ಹೋಗಿ ಎಂದು ಮನೆಗೆ ಕರೆದೊಯ್ದಳು. ಬಡಿಸುತ್ತಾ ಬಡಿಸುತ್ತಾ ಅತ್ತಳಂತೆ. ಊರಲ್ಲಿ ಅವಳ ತಾಯಿ ಹೋದಾಗ ವಿಮಾನಗಳೇ ಇರಲಿಲ್ಲ, ಮುಖ ನೋಡಲಾಗಿರಲಿಲ್ಲ. ಆಂಟಿ ಆ ದಿನ ಅಲ್ಲೇ ಉಳಿದರು. ಮರುದಿನ ಗಡಿಯಲ್ಲಿ ಪೊಲೀಸರು ಕಾಗದ ನೋಡಿ ರೈಲಿನಿಂದ ಇಳಿಸಿದರು. ಟೆಸ್ಟಿನ ಗಡುವು ಮುಗಿದಿತ್ತು.

ಪ್ಲಾಟ್‌ಫಾರ್ಮಿನಿಂದ ನನಗೆ ಫೋನ್ ಮಾಡಿದರು. ಅತ್ತ ಕಾನ್ವೆಂಟಿನಲ್ಲಿ ಪಾದ್ರಿಗಳು ಬಂದು ಅಕ್ಕನಿಗೆ ಕೊನೆಯ ಪ್ರಾರ್ಥನೆ ಮಾಡಿಯಾಗಿತ್ತು.

"ಅಷ್ಟು ಹೇಳಿದ್ನಲ್ಲ ಆಂಟಿ, ಯಾಕೆ ನಿಂತ್ರಿ?"

"ಅವಳು ಅಳ್ತಾ ಬಡಿಸುವಾಗ ಕೈ ತೊಳ್ದು ಏಳ್ಲಿಕ್ಕೆ ಆಗ್ತದಾ? ಬೈಬೇಡ. ನಿನ್ನ ದೇವರಿಗೆ ಒಂದು ದೀಪ ಹಚ್ಚು. ನನ್ನವನಿಗೆ ನಾನು ಹೇಳಿ ಆಯ್ತು."

ಹಚ್ಚಿದೆ. ಮರುದಿನ ಬೆಳಿಗ್ಗೆ ಆ ಗಡಿಯೂರಿನ ಔಷಧಿ ಅಂಗಡಿಯಲ್ಲಿ ಹೊಸ ಟೆಸ್ಟ್ ಆಗಿ, ಆಂಟಿ ದಾಟಿದರು. ಅಕ್ಕನ ಜೀವ ಇನ್ನೂ ಇತ್ತು. ಮಾತು ನಿಂತಿತ್ತು, ಏನು ಕೊಟ್ಟರೂ ಬಾಯಿ ತೆರೆಯುತ್ತಿರಲಿಲ್ಲ. ಆಂಟಿ ಹೊರಡುವಾಗ ಜ್ಯೂರಿಕ್‌ನವಳು ಒಂದು ಪೊಟ್ಟಣ ಕುಚ್ಚಲಕ್ಕಿಯನ್ನು ಚೀಲಕ್ಕೆ ತುರುಕಿದ್ದಳು. ಕಾನ್ವೆಂಟಿನ ಅಡುಗೆಮನೆಯಲ್ಲಿ ಆಂಟಿ ಅದರಲ್ಲೇ ಗಂಜಿ ಬೇಯಿಸಿದರು. ವಾಸನೆಗೇ ಅಕ್ಕ ಕಣ್ಣು ಬಿಟ್ಟರು. ಅರ್ಧ ಬಟ್ಟಲು ಕುಡಿದು, ತಂಗಿಯ ಸೊಟ್ಟ ಬೆರಳನ್ನು ಹಿಡಿದುಕೊಂಡು ಮಲಗಿದರು. ಆ ವಾರ ಮುಗಿಯುವುದರೊಳಗೆ ತೀರಿಕೊಂಡರು.

"ಎರಡು ದಿನ ಕಳ್ಕೊಂಡೆ, ಹೌದು," ಎಂದರು ವಾಪಸು ಬಂದ ಮೇಲೆ, ನಮ್ಮ ಅದೇ ಮೇಜಿನ ಮುಂದೆ. "ಆದ್ರೆ ಸೀದಾ ಹೋಗಿದ್ರೆ ಬರಿಗೈಯಲ್ಲಿ ಹೋಗ್ತಿದ್ದೆ ಅಲ್ವಾ?"

ಹೋದ ವರ್ಷ ಆಂಟಿಯೇ ಕಾಯಿಲೆ ಬಿದ್ದು ಮಲಗಿದಾಗ ಗಂಜಿ ಒಯ್ಯುವ ಭಾಗ್ಯ ನನ್ನದಾಯಿತು. ಮೊದಲ ದಿನ ರುಚಿ ನೋಡಿ, "ನೀವು ಮೈಸೂರಿನವರಿಗೆ ಗಂಜಿ ಬರುದಿಲ್ಲ," ಎಂದರು. ಬಟ್ಟಲು ಮಾತ್ರ ಖಾಲಿ ಮಾಡಿದರು. ಅವರು ತೀರಿಕೊಂಡ ಮೇಲೂ ನಮ್ಮ ಮನೆಯಲ್ಲಿ ಕುಚ್ಚಲಕ್ಕಿ ಮುಗಿಯಲು ಬಿಟ್ಟಿಲ್ಲ. ದೂರ ಹೊರಟವರು ಯಾರೇ ಹೇಳಿ ಹೋಗಲು ಬಂದರೂ ಮೊದಲು ಎಲೆ ಹಾಕುತ್ತೇನೆ. ವಿಮಾನ ಎಷ್ಟು ಹೊತ್ತಿಗೆಂದು ಕೇಳುವುದು ಆಮೇಲೆ.