ಕಳ್ಳಕವಟಗಿಯಲ್ಲಿ ಒಡೆದ ಬಿಲ್ಲೆ

ನನ್ನ ಸರಕಾರಿ ನೌಕರಿ ಕಾಯಂ ಆದದ್ದು ಯಾತರಿಂದ, ಊಹಿಸಿ ನೋಡೋಣ. ಬಿ.ಎ. ಪದವಿಯಿಂದ ಅಂದರೆ ನೀವು ಸೋತಿರಿ.

ನಮ್ಮ ಇಂಗ್ಲಿಷ್ ಸಾಹೇಬರಿಗೆ ಮಣ್ಣಿನ ಬಿಲ್ಲೆಗಳನ್ನು ಗಾಳಿಯಲ್ಲಿ ಹಾರಿಸಿ ಬಂದೂಕಿನಿಂದ ಒಡೆಯುವ ಹುಚ್ಚು. ಆ ಆಟಕ್ಕೆ ಚೊಲೋ ಜಾಗ ಹುಡುಕಿಕೊಟ್ಟರೆ ನನ್ನನ್ನು ಕಾಯಂ ಮಾಡುವುದಾಗಿ ಹೇಳಿದ್ದರು. ವಿಜಾಪುರದಲ್ಲಿ ಎಲ್ಲಿ ನಿಂತರೂ ಬಂದೂಕಿನೆದುರು ಯಾವುದಾದರೂ ಗುಮ್ಮಟ ಬರುತ್ತಿತ್ತು. ಬಬಲೇಶ್ವರದಲ್ಲಿ ಗುರಿಯೆಲ್ಲ ತಪ್ಪಿತು. ಬಿಸಿಲು ಸರಿಯಿಲ್ಲ ಎಂದರು. ತಿಕೋಟಾದಲ್ಲೂ ತಪ್ಪಿತು, ಗಾಳಿ ಸರಿಯಿಲ್ಲ ಎಂದರು. ಕಡೆಗೆ ಕಳ್ಳಕವಟಗಿಯ ಒಂದು ಬೀಳು ಹೊಲಕ್ಕೆ ಕರೆದೊಯ್ದೆ. ಪಕ್ಕದ ಜೋಳದ ಹೊಲದಲ್ಲಿ ಅಜ್ಜಿಯೊಬ್ಬಳು ಅಟ್ಟಣಿಗೆಯ ಮೇಲೆ ನಿಂತು, ಕವಣೆ ಹಿಡಿದು ಹಕ್ಕಿ ಕಾಯುತ್ತಿದ್ದಳು.

ನಾನು ಎಸೆದ ಬಿಲ್ಲೆ ಗಾಳಿಗೆ ಹೊರಳಿ ಜೋಳದ ಅಂಚಿಗೆ ಹೋಯಿತು. ಸಾಹೇಬರು ಬಂದೂಕು ಹಾರಿಸುವುದಕ್ಕೂ ಅಜ್ಜಿ ಕವಣೆ ಬೀಸುವುದಕ್ಕೂ ಸರಿಹೋಯಿತು. ಕಲ್ಲು ತಾಗಿ ಬಿಲ್ಲೆ ಚೂರಾದದ್ದನ್ನು ನಾನು ಕಣ್ಣಾರೆ ಕಂಡೆ. ಸಾಹೇಬರು ಮಾತ್ರ ಕುಣಿಯತೊಡಗಿದ್ದರು.

ಅಜ್ಜಿ ಇಳಿದು ಬಂದಳು. “ಯಪ್ಪಾ, ಇದ್ಯಾವ ಹಕ್ಕಿನೋ? ನನ್ನ ಒಂದ ಕಲ್ಲಿಗೆ ಪುಡಿ ಆತು ನೋಡು.”

ಕನ್ನಡ ಬಾರದ ಸಾಹೇಬರು ನನ್ನ ಮುಖ ನೋಡಿದರು. “ಏನಂತಾಳೆ?”

“ಇಂಥ ಗುರಿ ಎಲ್ಲೂ ಕಂಡಿಲ್ಲವಂತೆ,” ಎಂದೆ.

ಸಾಹೇಬರು ಟೊಪ್ಪಿಗೆ ತೆಗೆದು ಅಜ್ಜಿಗೆ ಬಾಗಿದರು.

“ಗುಣವಂತ ಅದಾನ,” ಅಂದಳು ಅಜ್ಜಿ. “ನನ್ನ ಗುರಿಗೆ ಟೊಪ್ಪಿಗಿ ತಗದಾನ.”

“ಈಗೇನಂದಳು?”

“ಈ ಜಾಗ ನಿಮಗೆ ಒಲಿದಿದೆಯಂತೆ.”

ಸಾಹೇಬರು ಅಲ್ಲೇ ಜೀಪಿನ ಮೂತಿಯ ಮೇಲೆ ಕಾಗದವಿಟ್ಟು ನನ್ನ ಆರ್ಡರಿಗೆ ಸಹಿ ಹಾಕಿದರು.

ಕರಿಯ ದಿನ ಒಳ್ಳೆಯ ಕೆಲಸ ಶುರುಮಾಡಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು. ಇದೆಲ್ಲ ನಡೆದದ್ದು ನಲವತ್ತಾರನೆಯ ಇಸವಿ, ಸಂಕ್ರಮಣದ ಮರುದಿನ, ಆ ಕರಿಯ ದಿನವೇ.