ಸಿದ್ದಲಿಂಗಮ್ಮ ನೋಡುತ್ತಿದ್ದ ಕಾಲು

ಗುರುಪುರದ ಸಿದ್ದಲಿಂಗಮ್ಮನ ಮೇಲೆ ನನಗೆ ಬಂದಷ್ಟು ಸಿಟ್ಟು ಇನ್ಯಾರ ಮೇಲೂ ಬಂದಿಲ್ಲ. ನಾನು ಹುಣಸೂರಿನಿಂದ ಸ್ಕೂಟಿಯಲ್ಲಿ ಮನೆಮನೆಗೆ ಹೋಗಿ ಹುಣ್ಣಿಗೆ ಡ್ರೆಸ್ಸಿಂಗ್ ಮಾಡುವ ನರ್ಸು. ಅವಳ ಗಂಡ ಮಲ್ಲೇಶ್ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಸೊಪ್ಪು ಏರಿಸುವಾಗ ಮೇಲಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವನು. ಸೊಂಟದ ಕೆಳಗೆ ಮುಟ್ಟಿದ್ದು ಗೊತ್ತಾಗುವುದಿಲ್ಲ. ಆದರೂ ಕಾಲುಗಳು ತಾವಾಗಿಯೇ ಸೆಟೆದು ಒದೆಯುತ್ತವೆ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಹಾಸಿಗೆಯ ಸುಕ್ಕು ತೆಗೆಯುವುದು, ಒಂದರಲ್ಲೂ ಅವಳು ತಪ್ಪುತ್ತಿರಲಿಲ್ಲ. ಆದರೂ ಮಲಗಿ ಮಲಗಿ ಬೆನ್ನಿನ ಬುಡದಲ್ಲಿ ಎದ್ದ ಹುಣ್ಣು ಆರು ತಿಂಗಳು ಕಳೆದರೂ ಮಾಯಲಿಲ್ಲ. ಅದು ಮಾಯದೆ ಮಲ್ಲೇಶನನ್ನು ಗಾಲಿಕುರ್ಚಿಯಲ್ಲಿ ಕೂರಿಸುವಂತಿಲ್ಲ. ಕಾಲು ಒದ್ದಾಗಲೆಲ್ಲ ಮೈ ಜಾರಿ ಹುಣ್ಣು ಉಜ್ಜುತ್ತದೆ, ಹುಣ್ಣು ಕೆರಳಿದರೆ ಕಾಲಿನ ಸೆಳೆತ ಇನ್ನೂ ಹೆಚ್ಚುತ್ತದೆ. ಡಾಕ್ಟರು ಸೆಳೆತ ತಗ್ಗಿಸುವ ಮಾತ್ರೆಯನ್ನು ಎರಡು ಸಲ ಹೆಚ್ಚಿಸಿದರು. ಏನೂ ಉಪಯೋಗವಾಗಲಿಲ್ಲ. ನನಗೆ ತಲೆ ಕೆಟ್ಟುಹೋಗಿತ್ತು, ಮನೆಗೆ ಹೋದರೂ ಅದೇ ಹುಣ್ಣು ಕಣ್ಣ ಮುಂದೆ.

ಒಂದು ಶುಕ್ರವಾರ ಹೇಳದೆ ಹೋದೆ. ಪಕ್ಕದ ಮನೆಯ ಸಣ್ಣಬೀರಯ್ಯ ಕಾಫಿ ಕುಡಿಯುತ್ತ ಕೂತಿದ್ದ. ಸಿದ್ದಲಿಂಗಮ್ಮ ಗಂಡನ ಹೊದಿಕೆಯನ್ನು ಸರಕ್ಕನೆ ಎಳೆದಳು. ಗಾಳಿ ಸೋಕಿದ್ದೇ ತಡ, ಕಾಲು ಜಾಡಿಸಿತು. ಜೀವ ಬರುತ್ತಿದೆ ಎಂದು ಸಣ್ಣಬೀರಯ್ಯ ಕೈಮುಗಿದ. ಬಂದವರಿಗೆಲ್ಲ ಹೀಗೆ ತೋರಿಸುತ್ತಿದ್ದಳಂತೆ.

ಮಾತ್ರೆ ಎಲ್ಲಿ ಎಂದೆ. ಎರಡೇ ವಾರ ಕೊಟ್ಟು ನಿಲ್ಲಿಸಿದ್ದಳು, ಉಳಿದದ್ದೆಲ್ಲ ಡಬ್ಬಿಯಲ್ಲಿತ್ತು. ನಾನು ಬಾಯಿಗೆ ಬಂದಂತೆ ಬೈದೆ.

"ಮಾತ್ರೆ ಕೊಟ್ರೆ ಕಾಲು ಸತ್ತಂಗೆ ಬಿದ್ದಿರ್ತದೆ ಕಣ್ರೀ," ಎಂದಳು. "ಆಡೋ ಕಾಲ್ನ ನಾನೇ ಎಂಗೆ ನಿಲ್ಲಿಸ್ಲಿ?"

ಅದು ನಡೆಯುವ ಕಾಲಲ್ಲ ಎಂದು ನಾನು ಹೇಳಬೇಕಿತ್ತು. ಹೇಳಿದವನು ಮಲ್ಲೇಶ್.

"ಅದು ನಂದಲ್ಲ ಕಣೇ, ಅದರಷ್ಟಕ್ಕೆ ಅದು ಆಡ್ತದೆ. ನಂಗೆ ಮೊದ್ಲಿಂದ್ಲೂ ಗೊತ್ತು. ನೀನು ಖುಷಿಯಾಗಿದ್ದೆ, ಅದ್ಕೆ ಸುಮ್ಕಿದ್ದೆ. ಮಾತ್ರೆ ಕೊಡು. ಕುರ್ಚೀಲಿ ಕೂತು ಬಾಗ್ಲತಂಕನಾದ್ರೂ ಬತ್ತೀನಿ."

ಡಾಕ್ಟರಿಗೆ ಫೋನ್ ಮಾಡಿದೆ. ಅರ್ಧ ಮಾತ್ರೆಯಿಂದ ಶುರುಮಾಡಿ ನಿಧಾನವಾಗಿ ಹೆಚ್ಚಿಸಿ ಎಂದರು. ಅವಳು ಒಂದು ಹೊತ್ತೂ ತಪ್ಪಿಸಲಿಲ್ಲ.

ಐದನೇ ವಾರ ಡ್ರೆಸ್ಸಿಂಗ್ ಬಿಚ್ಚಿದರೆ ಹುಣ್ಣಿನ ಅಂಚಿನಲ್ಲಿ ಕೆಂಪಗೆ ಹೊಸ ಮಾಂಸ. ಖುಷಿಗೆ ಅವಳನ್ನು ಕೂಗಿದೆ. ಅವಳು ಬಂದವಳು ಹುಣ್ಣಿನ ಕಡೆ ನೋಡಲಿಲ್ಲ. ಹೊದಿಕೆಯನ್ನು ಪೂರ್ತಿ ಸರಿಸಿ ಕಾಲನ್ನೇ ನೋಡಿದಳು. ಅದು ಅಲುಗಲಿಲ್ಲ. ಗಂಡ ಬಿದ್ದ ದಿನವೂ ಅತ್ತಿರದವಳು ಆಗ ಕಾಲ ಬುಡದಲ್ಲಿ ಕೂತು ಜೋರಾಗಿ ಅತ್ತಳು.